ದನಿ ಹೋದ ಕಂಪ್ಯೂಟರಿನ ಮುಂದೆ ಗೋಣು ಹಾಕಿದ್ದು

ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ಅದು ಆರುವುದರೊಳಗೆ ನಡುಮನೆಗೆ ಓಡಿ, ಕಂಪ್ಯೂಟರಿನ ಮುಂದೆ ಒಂದು ಸಲ ನಕ್ಕು, ಮತ್ತೆ ಓಡಿ ಬಂದು ರೊಟ್ಟಿ ತಿರುವಿ ಹಾಕುತ್ತಿದ್ದೆ. ಹಿಟ್ಟಿನ ಬುಟ್ಟಿ ಇನ್ನೂ ಅರ್ಧ ತುಂಬಿತ್ತು. ಆ ಕಡೆ ಬಳಗದ ರವಿವಾರದ ಮೀಟಿಂಗು ಅರ್ಧ ಮುಗಿದಿತ್ತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕಿನ ಹೆಣ್ಣುಮಕ್ಕಳ ಬಳಗ ನಮ್ಮದು. ಬಸ್ಸು ಹಿಡಿದು ಒಂದು ಕಡೆ ಸೇರೋಣವೆಂದರೆ ಒಂದು ಊರಿನವರು ಬರುವಷ್ಟರಲ್ಲಿ ಇನ್ನೊಂದು ಊರಿನವರು ಹೊರಡುವ ಹೊತ್ತಾಗಿರುತ್ತದೆ. ಅದಕ್ಕೆ ರವಿವಾರ ಎಲ್ಲರೂ ಅವರವರ ಮನೆಯಲ್ಲೇ ಫೋನು ಹಿಡಿದು ಕುಳಿತುಕೊಳ್ಳುತ್ತಾರೆ. ನಾನೊಬ್ಬಳು ಮಾತ್ರ ಕಂಪ್ಯೂಟರಿನ ಮುಂದೆ. ಹಳೆಯ ಇಳಕಲ್ ಸೀರೆಯಿಂದ ನಾನೇ ಹೊಲಿದ ಮುಸುಕು ಹೊದ್ದು ನಡುಮನೆಯ ಮೂಲೆಯಲ್ಲಿ ಕೂತಿರುವ ಆ ಯಂತ್ರಕ್ಕೆ ವಯಸ್ಸಾಗಿದೆ. ಆದರೂ ಅದರ ಮೇಲೆ ನನಗೆ ಅಭಿಮಾನ. ನನ್ನ ಕೈಯಲ್ಲಿರುವುದು ಬಟನ್ ಫೋನು. ಯಾರಾದರೂ ಆಡಿಕೊಂಡರೆ, “ಅಂಗೈಯಷ್ಟರ ಪರದಿ ಮ್ಯಾಲ ಮಂದಿ ಮಾರಿ ಏನ್ ಕಾಣ್ತಾವ? ನನಗ ನಿಮ್ಮ ಮೂಗುತಿ ಹರಳೂ ಕಾಣ್ತೈತಿ” ಎಂದು ಬಾಯಿ ಮುಚ್ಚಿಸುತ್ತಿದ್ದೆ. ಹಿಂದಿನ ರವಿವಾರವಷ್ಟೇ ಹೀಗೆ ಹೇಳಿ ಎಲ್ಲರೂ ತಮ್ಮ ಮೂಗು ಮುಟ್ಟಿ ನೋಡಿಕೊಳ್ಳುವಂತೆ ಮಾಡಿದ್ದೆ.

ಈ ರವಿವಾರ ಹರಳು ಕಂಡವು, ಮಾತು ಕೇಳಲಿಲ್ಲ.

ಶುಕ್ರವಾರ ಪರದೆಯ ಮೂಲೆಯಲ್ಲಿ ಒಂದು ಚೌಕ ಮೂಡಿ, ನಿಮ್ಮ ಸೌಂಡ್ ಡ್ರೈವರ್ ಹಳೆಯದಾಗಿದೆ, ಅಪ್‌ಡೇಟ್ ಮಾಡಲೇ ಎಂದು ಇಂಗ್ಲಿಷಿನಲ್ಲಿ ಕೇಳಿತ್ತು. ಯಾರು ಏನು ಕೇಳಿದರೂ ಹೂಂ ಅನ್ನಬೇಕೆಂದು ನನಗೆ ತವರಿನಲ್ಲಿ ಕಲಿಸಿದ್ದಾರೆ. ಹೂಂ ಎಂದು ಒತ್ತಿದೆ. ಹಳೆಯದು ಹೋಗಿ ಹೊಸದು ಬಂತು. ಹೊಸದಕ್ಕೂ ನಮ್ಮ ಮನೆಯ ಹಳೆಯ ಸೌಂಡ್ ಕಾರ್ಡಿಗೂ ಹೊಂದಾಣಿಕೆ ಆಗಲಿಲ್ಲ. ಡ್ರೈವರ್ ಅಂದರೆ ಕಂಪ್ಯೂಟರಿಗೂ ಅದರೊಳಗಿನ ಕಾರ್ಡಿಗೂ ನಡುವೆ ಮಾತು ಮುಟ್ಟಿಸುವ ಸಣ್ಣ ಪ್ರೋಗ್ರಾಂ ಎಂದು ನನಗೆ ಆಮೇಲೆ ತಿಳಿಯಿತು. ಮಾತು ಬಿಟ್ಟ ಅತ್ತೆ ಸೊಸೆಯರ ನಡುವೆ ನಿಂತು “ಆಕಿ ಹಿಂಗ ಅಂದ್ಲು ನೋಡ” ಎಂದು ಹೇಳುತ್ತಾರಲ್ಲ, ಅಂಥ ಮೂರನೆಯವರು. ಅವರು ಎದ್ದು ಹೋದರೆ ಮನೆ ತಣ್ಣಗಾಗುತ್ತದೆ.

“ನನಗ ಕೇಳಸವಲ್ದು” ಎಂದು ಒಂದು ಕಾಗದದ ಮೇಲೆ ಬರೆದು ಕ್ಯಾಮೆರಾಕ್ಕೆ ಹಿಡಿದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂಗುತಿಯ ಹರಳಿನ ಮಾತಾಡಿದ ಬಾಯಿಂದ ಅದನ್ನು ಹೇಗೆ ಹೇಳುವುದು? ನಾನು ಸುಲಭದ ದಾರಿ ಹಿಡಿದೆ. ಎಲ್ಲರೂ ನಕ್ಕಾಗ ನಕ್ಕೆ. ಅಧ್ಯಕ್ಷರಾದ ವಿದ್ಯಾವತಿ ಬಾಯಾರು ಕನ್ನಡಕದ ಮೇಲಿಂದ ನೋಡಿದಾಗಲೆಲ್ಲ ಗೋಣು ಹಾಕಿದೆ. ಬಾಗೇವಾಡಿಯ ಸಾಲಿಯಲ್ಲಿ ಹೆಡ್‌ಮಾಸ್ತರಿಕೆ ಮಾಡಿ ನಿವೃತ್ತರಾದವರು ಅವರು, ಅದಕ್ಕೇ ಇನ್ನೂ ಎಲ್ಲರಿಗೂ ಬಾಯಾರು, ಅಂದರೆ ಟೀಚರು. ಅವರು ನೋಡಿದರೆ ಗೋಣು ತಾನೇ ಆಡುತ್ತದೆ. ಒಂದು ಹೊತ್ತಿನಲ್ಲಿ ಎಲ್ಲರೂ ನನ್ನ ಕಡೆಯೇ ನೋಡುತ್ತಿದ್ದಾರೆ ಅನ್ನಿಸಿತು. ಜೋರಾಗಿ ಗೋಣು ಹಾಕಿ, ಹಿಟ್ಟಿನ ಕೈಗಳಲ್ಲೇ ಕೈ ಮುಗಿದೆ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಹಿಟ್ಟು ಹಾರಿತು. ಅಷ್ಟರಲ್ಲಿ ರೊಟ್ಟಿ ಹತ್ತಿದ ವಾಸನೆ ಬಂತು.

ಈಗ ಒಂದು ಮಾತು ಹೇಳಬೇಕು. ಆ ದಿನದ ಮೀಟಿಂಗು ಮಾರ್ಚ್ ತಿಂಗಳಲ್ಲಿ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಗೆ ನಡೆಯುವ ನಮ್ಮ ವರ್ಷದ ಸಮಾವೇಶದ್ದು. ಅಲ್ಲಿ ಒಬ್ಬರು ಮುಖ್ಯ ಮಾತು ಆಡುತ್ತಾರೆ. ಅಡಿಗೆ ನನ್ನದು. ಬಳಗ ಹುಟ್ಟಿದಾಗಿನಿಂದ ಅಡಿಗೆ ನನ್ನದೇ. ಗೋದಿ ಹುಗ್ಗಿಯ ಕೊಪ್ಪರಿಗೆ ತಿರುವುತ್ತ ನಾನು ಪ್ರತಿ ವರ್ಷವೂ ಮೈಕಿನಲ್ಲಿ ಬರುವ ಮಾತು ಕೇಳಿದ್ದೇನೆ. ಪ್ರತಿ ವರ್ಷವೂ ಇದಕ್ಕಿಂತ ಛಲೋ ನಾನೇ ಮಾತಾಡುತ್ತಿದ್ದೆ ಅಂದುಕೊಂಡಿದ್ದೇನೆ. ಒಂದು ಸಲ, ಒಂದೇ ಸಲ, ಆ ಮೈಕಿನ ಮುಂದೆ ನಿಲ್ಲಬೇಕೆಂಬ ಆಸೆಯನ್ನು ಸಿಂದಗಿಯ ಅಬಿದಾಳಿಗೆ ಮಾತ್ರ ಹೇಳಿದ್ದೆ. ಆಕೆ ಅಂಗನವಾಡಿ ಟೀಚರು. “ಈ ಸಲ ನಾ ನಿಮ್ಮ ಹೆಸರು ತಗೋತೇನಿ ರೇಣಕ್ಕಾ, ನೀವು ಬರೇ ಹೂಂ ಅನ್ರಿ ಸಾಕು” ಅಂದಿದ್ದಳು.

ಹೂಂ ಅಂದಿದ್ದೆ. ಯಾವುದಕ್ಕೆ ಅಂದೆ ಎಂಬುದಷ್ಟೇ ಗೊತ್ತಿರಲಿಲ್ಲ. ಮೈಕು ಒಪ್ಪಿಕೊಂಡೆನೋ, ಸೌಟು ಒಪ್ಪಿಕೊಂಡೆನೋ?

ಸಂಜೆ ಪಕ್ಕದ ಮನೆಯ ಸಿದ್ದವ್ವ ಗೋಡೆಯ ಮೇಲಿಂದ ಮುಖ ತೋರಿಸಿದಳು. ವಯಸ್ಸಿನಲ್ಲಿ ಹಿರಿಯಳು, ಬಳಗದವಳು, ಸೊಸೆಯ ಫೋನಿನಲ್ಲಿ ಮೀಟಿಂಗು ನೋಡುವವಳು.

“ಏನವಾ ರೇಣುಕಾ, ಎಲ್ಲಾರೂ ನಿನ್ನ ಹೆಸರಽ ತಗೊಂಡ್ರಲ್ಲ!”

“ಹೌದಲ್ರಿ ದೊಡ್ಡವ್ವ,” ಅಂದೆ. ಎದೆ ಹಿಗ್ಗಿತು.

“ನಿನ್ನ ಗಂಡ ಗುರಲಿಂಗಪ್ಪಗ ಹೇಳಿದಿ ಇಲ್ಲ?”

“ಅದರಾಗ ಹೇಳೂದೇನೈತ್ರಿ.”

“ಆದ್ರೂ ಯವ್ವಾ, ಕಡೀಕ ನೀ ಹಂಗ ಮಾಡಬಾರದಿತ್ತು ನೋಡು.”

ಹಿಗ್ಗಿದ ಎದೆ ಅಲ್ಲೇ ನಿಂತಿತು. ಹೆಂಗ ಮಾಡಬಾರದಿತ್ತು ಎಂದು ಕೇಳಬಹುದಿತ್ತು. ಕೇಳಿದರೆ ನನ್ನ ಕಂಪ್ಯೂಟರು ಕಿವುಡಾದ ಸುದ್ದಿ ದೀಪ ಹಚ್ಚುವುದರೊಳಗೆ ಓಣಿ ತುಂಬುತ್ತಿತ್ತು. “ಆಗಿದ್ದು ಆತು ಬಿಡ್ರಿ,” ಅಂದೆ, ಬಹಳ ತಿಳಿದವಳ ಹಾಗೆ.

“ಮನಸ ದೊಡ್ಡದೈತಿ ನಿಂದು,” ಅಂದಳು ಸಿದ್ದವ್ವ. ಮುಖ ಗೋಡೆಯ ಆಚೆ ಮುಳುಗಿತು.

ಮರುದಿನ ನನ್ನ ಯಜಮಾನರು ಮಾರ್ಕೆಟ್ಟಿನಿಂದ ಬರುವಾಗಲೇ ಹುಬ್ಬು ಮೇಲೆ ಮಾಡಿಕೊಂಡು ಬಂದರು. ಇಂಡಿಯಲ್ಲಿ ನಿಂಬೆಹಣ್ಣಿನ ದಲಾಲಿ ಅವರದು, ಸವಾಲು ಅಂದರೆ ಹರಾಜು ಕೂಗುವ ಕೆಲಸ. ಒಳ್ಳೆಯ ಫೋನು ಅವರ ಅಂಗಿಯ ಕಿಸೆಯಲ್ಲಿ ಬೆಳಿಗ್ಗೆ ಮನೆ ಬಿಟ್ಟರೆ ಸಂಜೆಗೇ ಬರುವುದು, ಬಂದಮೇಲೆಯೂ ಅವರ ಕಿವಿ ಬಿಡುವುದಿಲ್ಲ.

“ಏನ, ನೀ ಏನೋ ಒಪ್ಪಿಕೊಂಡಿಯಂತ? ಸವಾಲಿನ್ಯಾಗ ಮಂದಿ ಕೇಳಾಕತ್ತಾರ.”

“ಏನಂತ ಕೇಳಿದ್ರು?”

“‘ನಿಮ್ಮಾಕಿ ಒಪ್ಪಿಕೊಂಡ್ರಂತಲ್ರಿ’ ಅಂದ್ರು. ನಾ ಹೌದು ಅಂದೆ.”

“ಏನಂತ ಗೊತ್ತಿಲ್ದನ ಹೌದು ಅಂದ್ರಿ?”

“ಮತ್ತ? ಗೊತ್ತಿಲ್ಲ ಅಂದ್ರ ಮನ್ಯಾಗ ನನ್ನ ಮಾತು ನಡಿಯೂದಿಲ್ಲ ಅಂತ ತಿಳ್ಕೋತಾರ.”

ಮದುವೆಯಾದ ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಸರಿಯಾದ ಜೋಡಿ ಎಂದು ನನಗೆ ಖಾತ್ರಿಯಾದದ್ದು ಅಂದೇ.

“ಅದಿರ್ಲಿ, ಏನ ಒಪ್ಪಿಕೊಂಡಿ?”

“ಸಮಾವೇಶದ ಜವಾಬ್ದಾರಿ,” ಅಂದೆ. ಅದರಲ್ಲಿ ಮೈಕೂ ಬಂತು, ಸೌಟೂ ಬಂತು.

ಎರಡಕ್ಕೂ ತಯಾರಿ ಶುರುಮಾಡಿದೆ. ಒಂದು ಕಡೆ ಹುಗ್ಗಿಗೆ ಗೋದಿ ಆರಿಸುವುದು, ಇನ್ನೊಂದು ಕಡೆ ಮಾತು ಜೋಡಿಸುವುದು. ಕೇಳುವವರು ಬೇಕಲ್ಲ, ಮೊರದಲ್ಲಿದ್ದ ಗೋದಿಗೇ ಭಾಷಣ ಮಾಡಿದೆ. “ವೇದಿಕೆ ಮೇಲಿನ ಗಣ್ಯರೇ, ನನ್ನ ಅಕ್ಕ ತಂಗಿಯರೇ” ಎಂದು ದನಿ ಏರಿಸಿದಾಗ ಯಜಮಾನರು ಹೊರಗಿನಿಂದ, “ಯಾರ ಬಂದಾರ? ಚಾ ಮಾಡಂದ್ರ ಮಾಡ, ಸುಮ್ನ ಮಾತಾಡ್ಕೋಂತ ನಿಂದ್ರಬ್ಯಾಡ” ಎಂದು ಕೂಗಿದರು. ಗಣ್ಯರ ನಡುವಿನ ಕಲ್ಲು ಆರಿಸಿ ಒಗೆದು ಚಾ ಇಟ್ಟೆ.

ಮರುದಿನ ಮಧ್ಯಾಹ್ನ ಅಬಿದಾಳ ಫೋನು ಬಂತು. ಹಿಂದೆ ಅಂಗನವಾಡಿ ಮಕ್ಕಳೆಲ್ಲ ಒಟ್ಟಿಗೆ ಅಳುತ್ತಿದ್ದವು.

“ರೇಣಕ್ಕಾ, ನಾ ನಿಮ್ಮ ಮ್ಯಾಲ ಸಿಟ್ಟಾಗೇನಿ.”

“ಯಾಕ ಅಬಿದಾ?”

“ಯಾಕ ಅಂತೀರಲ್ಲ! ನಿಮ್ಮ ಸಲುವಾಗಿ ನಾ ಬಾಯಾರ ಮುಂದ ಬಾಯಿ ತಗದ್ನಿ. ನೀವು ನನಗೂ ಗೋಣ ಹಾಕಿದ್ರಿ, ಅವರಿಗೂ ಗೋಣ ಹಾಕಿದ್ರಿ! ನಡುವ ನಾ ಹುಚ್ಚಿ ಆದ್ನಿ. ಏ, ಅವನ ಕಿವಿ ಬಿಡಲೇ! ಆಮ್ಯಾಲ ಮಾತಾಡ್ತೇನ್ರಿ ಅಕ್ಕಾ.” ಫೋನು ಕಟ್ಟಾಯಿತು. ಆಮೇಲೆ ನಾನು ಮಾಡಿದರೆ ಎತ್ತಲಿಲ್ಲ.

ವಿದ್ಯಾವತಿ ಬಾಯಾರು ಪ್ರತಿ ಮೀಟಿಂಗನ್ನೂ ರೆಕಾರ್ಡ್ ಮಾಡಿ ಎಲ್ಲರಿಗೂ ಮೇಲ್ ಕಳಿಸುವವರು. ಹಾಜರಿ ಹಿಡಿದ ಕೈ ಸುಮ್ಮನಿರಲಾರದು. ಆ ರವಿವಾರದ್ದೂ ಬಂದಿತ್ತು. ಅಲ್ಲಿ ನಾನೇ ನನ್ನ ಮುಂದೆ ನಗುತ್ತಿದ್ದೆ, ಗೋಣು ಹಾಕುತ್ತಿದ್ದೆ, ಹಿಟ್ಟು ಹಾರಿಸುತ್ತಿದ್ದೆ. ದನಿ ಇಲ್ಲ. ಯಜಮಾನರ ಫೋನಿನಲ್ಲಿ ಕೇಳಿದರೆ ಅವರ ಪಕ್ಕದಲ್ಲೇ ಕುಳಿತು ಕೇಳಬೇಕು. ಉಳಿದದ್ದು ಒಂದೇ ದಾರಿ. ಕಂಪ್ಯೂಟರಿಗೆ ದನಿ ತರಿಸುವುದು.

ಡಿವೈಸ್ ಮ್ಯಾನೇಜರ್ ಎಂಬ ಜಾಗಕ್ಕೆ ಹೋದೆ. ಅಲ್ಲಿ ಕಂಪ್ಯೂಟರಿನ ಅಂಗಾಂಗಗಳ ಹೆಸರೆಲ್ಲ ಸಾಲಾಗಿ ಇರುತ್ತವೆ. ಒಂದರ ಮುಂದೆ ಹಳದಿ ಗುರುತು ಇತ್ತು. ಇದಕ್ಕೆ ತಕ್ಕ ಡ್ರೈವರ್ ಹುಡುಕು ಎಂದು ಒತ್ತಿದೆ. ಬಹಳ ಹೊತ್ತು ಹುಡುಕಿದ ನಾಟಕ ಮಾಡಿ, ಇದ್ದುದರಲ್ಲಿ ಅತ್ಯುತ್ತಮವಾದದ್ದು ನಿಮಗೆ ಈಗಾಗಲೇ ಸಿಕ್ಕಿದೆ ಎಂದು ಉತ್ತರ ಕೊಟ್ಟಿತು. ನನ್ನ ಮದುವೆ ಗೊತ್ತಾದಾಗ ನಮ್ಮಪ್ಪನೂ ಇದೇ ಮಾತು ಹೇಳಿದ್ದ.

ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಎಲ್ಲ ಡ್ರೈವರ್‌ಗಳನ್ನೂ ಪುಕ್ಕಟೆ ಸರಿಮಾಡುತ್ತೇನೆ ಎಂಬ ಒಂದು ಪ್ರೋಗ್ರಾಂ ಸಿಕ್ಕಿತು. ಒಳಗೆ ಕರೆದುಕೊಂಡೆ. ಅದು ಮನೆಯೆಲ್ಲ ಅಡ್ಡಾಡಿ, ನಿಮ್ಮ ಕಂಪ್ಯೂಟರಿನಲ್ಲಿ ಸರಿಯಿರುವುದು ಏನೂ ಇಲ್ಲ ಎಂದು ವರದಿ ಕೊಟ್ಟಿತು. ಸರಿಮಾಡಲೇ ಎಂದು ಕೇಳಿತು. ಹೂಂ ಅಂದೆ. ಪರದೆ ಕಪ್ಪಾಗಿ ಮತ್ತೆ ಬೆಳಗಿದಾಗ ಅಕ್ಷರಗಳು ರೊಟ್ಟಿಯಷ್ಟು ದೊಡ್ಡದಾಗಿದ್ದವು, ಮೌಸು ಎಂಬ ಇಲಿಯನ್ನು ಎಡಕ್ಕೆ ಎಳೆದರೆ ಬಾಣ ಮೇಲಕ್ಕೆ ಹೋಗುತ್ತಿತ್ತು, ದನಿ ಮಾತ್ರ ಇಲ್ಲ. ರಾತ್ರಿ ಊಟಕ್ಕೆ ಬಂದ ಯಜಮಾನರು ಪರದೆ ನೋಡಿ ಮೆಚ್ಚಿಕೊಂಡರು. “ಛಲೋ ಮಾಡಿದಿ. ಈಗ ಚಸ್ಮಾ ಇಲ್ದನ ಕಾಣ್ತೈತಿ.”

ಅದನ್ನು ಹೊರಗೆ ಹಾಕಿ, ಅಕ್ಷರಗಳನ್ನು ಮೊದಲಿನ ಅಳತೆಗೆ ತರುವುದರಲ್ಲಿ ಇನ್ನೊಂದು ದಿನ ಹೋಯಿತು. ಕಡೆಗೆ ಒಂದು ಸರಿಯಾದ ಜಾಗ ಸಿಕ್ಕಿತು. ಹಳೆಯ ಡ್ರೈವರ್‌ಗಳೆಲ್ಲ ಅಲ್ಲಿದ್ದವು. ಆದರೆ ಅದು ನನ್ನನ್ನೇ ಒಂದು ಪ್ರಶ್ನೆ ಕೇಳಿತು. ನಿಮ್ಮ ಕಂಪ್ಯೂಟರಿನ ಮದರ್‌ಬೋರ್ಡಿನ ನಂಬರೇನು?

ಆ ನಂಬರು ಕಂಪ್ಯೂಟರು ಕೊಂಡಾಗ ಜೊತೆಗೆ ಬಂದಿದ್ದ ಸಿಡಿಯ ಮೇಲಿತ್ತು. ಆ ಸಿಡಿ ಚಡಚಣದಲ್ಲಿತ್ತು.

ಅಲ್ಲಿಗೆ ಹೇಗೆ ಹೋಯಿತೆಂದರೆ, ನಾನೇ ಕೊಟ್ಟಿದ್ದೆ. ನನ್ನ ತಮ್ಮ ದುಂಡೇಶನದು ಚಡಚಣದ ಹತ್ತಿರ ದ್ರಾಕ್ಷಿ ತೋಟ. ಹಣ್ಣು ಬಲಿಯುವ ಹೊತ್ತಿಗೆ ಹಕ್ಕಿ ಬರುತ್ತವೆ. ಹಳೆಯ ಸಿಡಿಗಳನ್ನು ದಾರದಲ್ಲಿ ಕಟ್ಟಿ ತೂಗಬಿಟ್ಟರೆ ಬಿಸಿಲಿಗೆ ಮಿಂಚಿ ಹಕ್ಕಿ ಹೆದರುತ್ತವೆ. ದೀಪಾವಳಿಗೆ ಕಪಾಟು ಸ್ವಚ್ಛ ಮಾಡಿದಾಗ ಒಂದು ಚೀಲ ಸಿಡಿ ಅವನಿಗೆ ದಾನ ಮಾಡಿ, “ಎಲ್ಲಾ ಬ್ಯಾಡಾಗಿದ್ದವು ಬಿಡೋ” ಅಂದಿದ್ದೆ.

ಬೆಳಗಿನ ಬಸ್ಸು ಹಿಡಿದು ಝಳಕಿ ದಾಟಿ ತೋಟ ಮುಟ್ಟಿದೆ. ತಮ್ಮನ ಹೆಂಡತಿ ಕಾವೇರಿ ನೀರು ಕೊಟ್ಟು, “ಏನ ಅಕ್ಕಾರ, ದ್ರಾಕ್ಷಿ ತಿನ್ನಾಕ ಬಂದ್ರೇನು?” ಅಂದಳು.

“ಇಲ್ಲವಾ, ಸಿಡಿ ನೋಡಾಕ.”

ಕಾವೇರಿ ನನ್ನ ಮುಖ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ದುಂಡೇಶ, “ನೋಡ್ಲಿ ಬಿಡ, ಅಕ್ಕ ಓದಿದಾಕಿ,” ಅಂದ.

ಕನ್ನಡಕ ಹಾಕಿಕೊಂಡು, ಕೈಯಲ್ಲಿ ಪೆನ್ನು ಹಿಡಿದು ಬಳ್ಳಿಯ ಸಾಲಿಗೆ ಇಳಿದೆ. ಒಂದೊಂದು ಸಿಡಿಯನ್ನೂ ತಿರುಗಿಸಿ ಓದಿದೆ. ನಮ್ಮ ಮನೆ ವಾಸ್ತುಶಾಂತಿ. ತಿಂಗಳಲ್ಲಿ ಇಂಗ್ಲಿಷ್ ಕಲಿಯಿರಿ. ಮುಂದಿನ ಸಾಲಿನಲ್ಲಿ ಸೀಮಂತ, ಅದರ ಪಕ್ಕ ಭಜನಿ ಪದ. ಅಷ್ಟರಲ್ಲಿ ಮಾಲು ನೋಡಲು ಬಂದಿದ್ದ ವ್ಯಾಪಾರಿ ಕಾಸಿಂಸಾಬ ಬದುವಿನ ಮೇಲೆ ನಿಂತು ಇದನ್ನೆಲ್ಲ ನೋಡಿದ. ಮೆಲ್ಲಗೆ ದುಂಡೇಶನ ಹತ್ತಿರ ಬಂದು ಕೇಳಿದ.

“ಯಾವ ಆಫೀಸಿನ ಮೇಡಂ ಅವರು?”

ನನ್ನ ತಮ್ಮ ಸುಳ್ಳು ಹೇಳುವವನಲ್ಲ. ಆದರೆ ದ್ರಾಕ್ಷಿಗೆ ದರ ಹೇಳುವ ದಿನ ಖರೆಯನ್ನೂ ಪೂರಾ ಹೇಳುವವನಲ್ಲ. “ಇಂಡಿಯಿಂದ ಬಂದಾರ್ರಿ,” ಅಂದ.

“ಹಣ್ಣು ಮುಟ್ಟವಲ್ರು. ಸಿಡಿ ಅಷ್ಟ ಓದಾಕತ್ತಾರ.”

“ಹೂಂನ್ರಿ. ನಂಬರ್ ಹುಡಕಾಕತ್ತಾರ.”

ಕಾಸಿಂಸಾಬ ಬಹಳ ಹೊತ್ತು ವಿಚಾರ ಮಾಡಿದ. ಆಮೇಲೆ ಪಕ್ಕದ ತೋಟಕ್ಕೆ ಹೋದ. ನಾನು ನಾಲ್ಕನೇ ಸಾಲು ಮುಗಿಸುವಷ್ಟರಲ್ಲಿ ಪಕ್ಕದ ತೋಟದವನು ಏಣಿ ಹಾಕಿ ತನ್ನ ಸಿಡಿಗಳನ್ನು ಧೋತರದ ಚುಂಗಿನಿಂದ ಒರೆಸುತ್ತಿದ್ದ. ಅದರಾಚೆಯ ತೋಟದಿಂದ ಒಬ್ಬ ಓಡಿ ಬಂದು, “ಮೇಡಂರ, ನಮ್ಮಲ್ಲಿ ಸಿಡಿ ಇಲ್ರಿ, ಬೆಳ್ಳಿ ಬಣ್ಣದ ಪಟ್ಟಿ ಕಟ್ಟೀವಿ. ಅದೂ ನಡಿತೈತಿಲ್ರಿ?” ಎಂದು ಕೇಳಿದ. ಏನು ನಡೆಯಬೇಕು, ಎಲ್ಲಿಗೆ ನಡೆಯಬೇಕು ನನಗೆ ತಿಳಿಯಲಿಲ್ಲ. ಗೋಣು ಹಾಕಿದೆ. ಅವನ ಮುಖ ಅರಳಿತು. “ನಡಿತೈತಂತ!” ಎಂದು ಕೂಗುತ್ತ ಓಡಿದ. ಚಡಚಣದ ರೈತರಿಗೆ ಸರಕಾರದಿಂದ ಏನೋ ಬರಬೇಕಾಗಿದೆ ಎಂದು ಈಗಲೂ ಕಾಯುತ್ತಿರಬಹುದು. ಅವರು ನನ್ನನ್ನು ಕ್ಷಮಿಸಲಿ.

ಸಿಡಿ ಕಡೆಯ ಸಾಲಿನ ಕಡೆಯ ಕಂಬದಲ್ಲಿತ್ತು. ಒಂದು ಮಗ್ಗುಲಿಗೆ ಹಕ್ಕಿಯ ಹಿಕ್ಕೆ ಬಿದ್ದಿತ್ತು. ಯಾವ ಹಕ್ಕಿಯನ್ನು ಹೆದರಿಸಲು ಕಟ್ಟಿದ್ದರೋ ಅದೇ ಹಕ್ಕಿ ತನ್ನ ಅಭಿಪ್ರಾಯ ತಿಳಿಸಿ ಹೋಗಿತ್ತು. ಉಗುರಿನಿಂದ ಕೆರೆದು ಓದಿದೆ. ನಂಬರು ಇತ್ತು. ಅಂಗೈ ಮೇಲೆ ಬರೆದುಕೊಂಡು, ದಾರ ಹರಿದು ಸಿಡಿಯನ್ನೂ ಚೀಲಕ್ಕೆ ಹಾಕಿಕೊಂಡೆ. ಹೊರಡುವಾಗ ಕಾವೇರಿ ಒಂದು ಬುಟ್ಟಿ ದ್ರಾಕ್ಷಿ ಕೊಟ್ಟು, ದನಿ ಇಳಿಸಿ, “ಅಕ್ಕಾರ, ಮನ್ಯಾಗ ಎಲ್ಲಾ ಆರಾಮ ಐತಿಲ್ಲ?” ಅಂದಳು.

ಮನೆಗೆ ಬಂದು ಸಿಡಿ ಹಾಕಿದೆ. ಅದು ತಿರುಗಿತು, ಕೆಮ್ಮಿತು, ಸುಮ್ಮನಾಯಿತು. ಅಷ್ಟು ಬಿಸಿಲು ತಿಂದ ಮೇಲೆ ಯಾರಾದರೂ ಅಷ್ಟೇ. ಅಂಗೈ ನೋಡಿ ನಂಬರು ಹೊಡೆದೆ. ಬೆವರಿಗೆ ಒಂದು ಅಂಕಿ ಅಳಿಸಿತ್ತು, ಮೂರೋ ಎಂಟೋ. ಮೂರು ಹೊಡೆದರೆ ಅಂಥದ್ದು ಲೋಕದಲ್ಲಿ ಇಲ್ಲ ಅಂದಿತು. ಎಂಟು ಹೊಡೆದೆ. ನಮ್ಮ ಸೌಂಡ್ ಕಾರ್ಡಿನ ಹಳೆಯ ಡ್ರೈವರ್ ಸಿಕ್ಕಿತು. ಈಗ ಇರುವುದಕ್ಕಿಂತ ಇದು ಹಳೆಯದು, ನಿಜವಾಗಿಯೂ ಬೇಕೇ ಎಂದು ಕಂಪ್ಯೂಟರು ಮುಖ ಸಿಂಡರಿಸಿ ಕೇಳಿತು. ಎರಡು ಸಲ ಓದಿ, ಅರ್ಥ ಮಾಡಿಕೊಂಡು, ಹೂಂ ಅಂದೆ. ಹೀಗೆ ತಿಳಿದು ಹೂಂ ಅಂದದ್ದು ನನಗೂ ಹೊಸದು.

ಕಂಪ್ಯೂಟರು ಆರಿ ಮತ್ತೆ ಹತ್ತಿಕೊಂಡಾಗ, ಅದರ ಮೇಲಿನ ಕಾವಿಗೆ ಮಲಗಿದ್ದ ಬೆಕ್ಕು ಒಮ್ಮೆಲೇ ಜಿಗಿದು ಅಡಿಗೆಮನೆಗೆ ಓಡಿತು. ದನಿ ಬಂದಿತ್ತು.

ಸ್ಪೀಕರು ಸಣ್ಣಗೆ ಮಾಡಿ, ಕಿವಿ ಹತ್ತಿರ ಇಟ್ಟುಕೊಂಡು ಆ ರವಿವಾರವನ್ನು ಕೇಳಿದೆ.

ಅಬಿದಾಳ ದನಿ: “ಈ ಸಲ ಮುಖ್ಯ ಮಾತು ರೇಣಕ್ಕ ಆಡಬೇಕ್ರಿ. ಇಷ್ಟು ವರ್ಷ ಆಕಿ ಹುಗ್ಗಿ ಉಂಡೀವಿ. ಆಕಿ ಮಾತೂ ಒಮ್ಮೆ ಕೇಳೂಣು. ಏನ್ರಿ ಅಕ್ಕಾ?”

ಪರದೆಯ ಮೇಲೆ ನಾನು ಗೋಣು ಹಾಕಿದೆ. ಚಪ್ಪಾಳೆ ಬಿತ್ತು. ನಾಲ್ಕೂ ತಾಲ್ಲೂಕಿನ ಚಪ್ಪಾಳೆ. ಸಿದ್ದವ್ವನದೂ ಇತ್ತು.

ಆಮೇಲೆ ವಿದ್ಯಾವತಿ ಬಾಯಾರು, ಬಹಳ ಪ್ರೀತಿಯಿಂದ: “ಅಬಿದಾ, ನಿನ್ನ ಮಾತು ಖರೆ. ಆದ್ರ ಮಾತಾಡವರು ಬೇಕಾದಷ್ಟು ಸಿಗ್ತಾರವಾ, ಆ ಹುಗ್ಗಿ ಮಾಡವರು ಸಿಗೂದಿಲ್ಲ. ರೇಣುಕಾಗ ಕೇಳ್ರಿ ಬೇಕಾದ್ರ. ರೇಣುಕಾ, ನಿನಗ ಮೈಕಿಗಿಂತ ಒಲಿ ಮುಂದನ ಪಾಡ ಅಲ್ಲೇನವಾ?”

ನಾನು ಇನ್ನೂ ಜೋರಾಗಿ ಗೋಣು ಹಾಕಿದೆ. ಹಿಟ್ಟಿನ ಕೈ ಮುಗಿದೆ. ಎಲ್ಲರೂ ನಕ್ಕರು.

“ನೋಡ್ರಿ, ಆಕಿನ ಹೇಳಿದ್ಲು. ಹಂಗಾದ್ರ ಮಾತು ಈ ಸಲ ನಾನ ಆಡ್ತೇನಿ. ಒಪ್ಪಿಗಿ ಐತಿಲ್ರಿ ಎಲ್ಲಾರದೂ?”

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನು.

ಇನ್ನೊಮ್ಮೆ ಹಾಕಿ ಕೇಳಿದೆ. ನನಗೇನೂ ಸಿಟ್ಟು ಬರಲಿಲ್ಲ, ಯಾರ ಮೇಲೆ ಬರಬೇಕು? ಪರದೆಯ ಮೇಲಿನ ಆ ಹೆಂಗಸನ್ನು ನೋಡಿದರೆ ಯಾರಿಗಾದರೂ ಆಕೆಗೆ ಒಲೆಯೇ ಪಾಡು ಅನ್ನಿಸುತ್ತಿತ್ತು. ಅಷ್ಟು ಖುಷಿಯಿಂದ ಮೈಕು ಬಿಟ್ಟುಕೊಟ್ಟವರನ್ನು ನಾನು ಎಲ್ಲೂ ನೋಡಿಲ್ಲ.

ಬಟನ್ ಫೋನು ಗುಂಯ್ಗುಟ್ಟಿತು. ಬಾಯಾರು.

“ರೇಣುಕಾ, ಸಮಾವೇಶಕ್ಕ ಬೆಲ್ಲ ಎಷ್ಟು ಹೇಳಲಿ? ಅಂಗಡಿಯವಾ ಇವತ್ತಽ ಹೇಳ್ರಿ ಅನ್ನಾಕತ್ತಾನ.”

ಪ್ರತಿ ವರ್ಷದ ಲೆಕ್ಕ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದೆ. ಮುಚ್ಚಿದೆ.

“ರವಿವಾರ ಮೀಟಿಂಗಿನಾಗ ಎಲ್ಲಾರ ಮುಂದ ಹೇಳ್ತೇನ್ರಿ ಬಾಯಾರ.”

“ಯಾಕ, ಈಗ ಹೇಳಿದ್ರ ಏನಾತು?”

“ಎಲ್ಲಾರೂ ಇದ್ದಾಗ ಹೇಳೂದೈತ್ರಿ.”

ನನ್ನ ಬಾಯಿಂದ ಹೂಂ ಬಿಟ್ಟು ಬೇರೆ ಮಾತು ಕೇಳಿದ ರೂಢಿ ಬಾಯಾರಿಗಿಲ್ಲ. “ಆತು ಬಿಡವಾ,” ಅಂದು ಇಟ್ಟರು.

ರವಿವಾರ ನಾನು ಬೆಲ್ಲದ ಲೆಕ್ಕ ಹೇಳುವುದಿಲ್ಲ. ಹುಗ್ಗಿಯನ್ನು ಈ ವರ್ಷ ಬೇರೆಯವರು ಮಾಡಲಿ, ಸೀದುಹೋದರೂ ಕೂತು ಉಣ್ಣುತ್ತೇನೆ. ಅಬಿದಾ ಹೇಳಿದ್ದು ನನಗೆ ಒಪ್ಪಿಗೆ, ಮಾತು ನಾನೇ ಆಡುತ್ತೇನೆ ಅನ್ನುತ್ತೇನೆ. ಅಷ್ಟು ಹೇಳಿ ಸುಮ್ಮನೆ ಕುಳಿತುಕೊಳ್ಳುತ್ತೇನೆ. ಬಾಯಾರು ಕನ್ನಡಕದ ಮೇಲಿಂದ ನೋಡುತ್ತಾರೆ. ನೋಡಲಿ.

ಯಜಮಾನರು ಚಪ್ಪಲಿ ಬಿಟ್ಟು ಒಳಗೆ ಬಂದರು. ಕಂಪ್ಯೂಟರಿನ ಮುಂದೆ ನಾನು ಕುಳಿತಿದ್ದನ್ನು ನೋಡಿ, ಬುಟ್ಟಿಯಿಂದ ಒಂದು ಗೊಂಚಲು ದ್ರಾಕ್ಷಿ ಎತ್ತಿಕೊಂಡು ಕೇಳಿದರು.

“ಏನ, ಏನರೆ ಆತೇನ ಆ ಸಮಾವೇಶದ್ದು?”

“ಏನಿಲ್ರಿ,” ಅಂದೆ. ಎದ್ದು ಅವರಿಗೆ ಕೈ ತೊಳೆಯಲು ನೀರು ಕೊಟ್ಟೆ.